ಬುತ್ತಿ ನೋಡಿ ಸಂತೆ ಮಾಡುತ್ತಿದ್ದ ಭೀಮಪ್ಪ ಕಾಕಾ

ಭೀಮಪ್ಪ ಕಾಕಾ ಸಂತೆಯಲ್ಲಿ ಮೊದಲು ನೋಡುತ್ತಿದ್ದುದು ಕಾಯಿಪಲ್ಯದ ಬುಟ್ಟಿಯನ್ನಲ್ಲ, ಮಾರುವವಳ ಬುತ್ತಿಗಂಟನ್ನು. "ಯವ್ವಾ, ಇವತ್ತ ಬುತ್ತಿಗಿ ಏನ್ ಕಟಗೊಂಡ ಬಂದೀಬೇ?" ಎನ್ನುತ್ತ ಕುಕ್ಕರಗಾಲಲ್ಲಿ ಕೂತೇ ಬಿಡುವರು. ಸಂಪಗಾಂವದಿಂದ ಬೈಲಹೊಂಗಲದ ಸಂತೆಗೆ ಬರುವ ಹೆಂಗಸರಿಗೆ ಇದು ರೂಢಿಯಾಗಿತ್ತು. ನಗುತ್ತ ಗಂಟು ಬಿಚ್ಚಿ ತೋರಿಸುತ್ತಿದ್ದರು. ರೊಟ್ಟಿಯ ಮೇಲೆ ಏನಿದೆಯೋ ಕಾಕಾನ ಚೀಲಕ್ಕೂ ಅದೇ ಬೀಳಬೇಕು.

"ಅಕಿ ಮಾರಾಕ ತರೋದು ಬ್ಯಾರೆ, ತಾ ತಿನ್ನೋದು ಬ್ಯಾರೆ. ತಾ ತಿನ್ನೋದು ತಾಜಾ ಇರತೈತಿ, ಸೋವಿ ಇರತೈತಿ. ನಮಗ ಅದ ಬೇಕು!"

ಕಾಕಾ ನಮ್ಮ ಪಕ್ಕದ ಮನೆಯವರು, ಒಂಟಿ ಜೀವ. ಹೊಲದ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ವೈಂಡಿಂಗ್ ಮಾಡಿಕೊಡುವುದು ಅವರ ಕಸುಬು. ಸವದತ್ತಿ, ರಾಮದುರ್ಗದ ಹೊಲಗಳಲ್ಲೆಲ್ಲ ಆಳುಗಳ ಜೊತೆ ಕೂತು ಉಂಡು ಬುತ್ತಿ ನೋಡುವ ಈ ವಿದ್ಯೆ ಕಲಿತಿದ್ದರು. ಅರವತ್ತೈದರಲ್ಲೂ ಮೋಟರು ಹೆಗಲಿಗೇರಿಸಿ ಹೊರಟರೆ, ಅಬ್ಬಾ, ನಾವು ಹಿಂದೆ ಓಡಬೇಕು.

ನಾನು ಆರು ತಿಂಗಳ ಬಸುರಿಯಿದ್ದಾಗ ರಕ್ತ ಎಂಟಕ್ಕೆ ಇಳಿಯಿತು. "ಹಿಂಗ ಇದ್ರ ಇಲ್ಲಿ ಹೆರಿಗಿ ಮಾಡಾಕಾಗೂದಿಲ್ಲ, ಬೆಳಗಾವಿಗೆ ಹೋಗ್ರಿ" ಎಂದರು ಡಾಕ್ಟರು. ಗಂಡ ಅತಿಥಿ ಶಿಕ್ಷಕ; ಹೆದರಿ ಹಾಲಿಗೆ ಬೆರೆಸಿ ಕುಡಿಯುವ ಶಕ್ತಿಪುಡಿಯ ದೊಡ್ಡ ಡಬ್ಬಿ, ನಾಲ್ಕು ಸೇಬು ತಂದರು. ಆ ತಿಂಗಳು ಬೇಳೆ ತರಲು ದುಡ್ಡು ಉಳಿಯಲಿಲ್ಲ. ಡಬ್ಬಿ ನೋಡಿ ಕಾಕಾ ಕೆಂಡವಾದರು. "ಮಾಸ್ತರ, ಬ್ಯಾಳಿ ಬಿಡಿಸಿ ಪುಡಿ ಕುಡಸ್ತೀರಿ? ನಡಿಯವಾ ಸಂತಿಗಿ!"

ಅಂದು ಅವರು ಇಣುಕಿದ ಒಬ್ಬಾಕೆಯ ಬುತ್ತಿಯಲ್ಲಿ ಹಸಿ ಹಕ್ಕರಕಿ ಸೊಪ್ಪಿತ್ತು. "ಇದ ಮಾರೂದಲ್ರಿ ಯಪ್ಪಾ, ಹೊಲದಾಗ ತಾನ ಬೆಳದದ್ದು" ಎಂದಳು ಆಕೆ.

"ಬರೂ ವಾರ ತಾ. ನಮ್ಮ ಹುಡಿಗಿಗಿ ರಕ್ತ ಕಡಿಮಿ ಐತಿ."

ಊರ ಮುಂದೆಯೇ ಸಾರಿಬಿಟ್ಟರಲ್ಲ ಎಂದು ನನಗೆ ನಾಚಿಕೆ. ಆಕೆ ತನ್ನ ಬುತ್ತಿಯ ಅರ್ಧ ಸೊಪ್ಪು ಎತ್ತಿ ನನ್ನ ಅಂಗೈಗೆ ಹಾಕಿದಳು. "ತಿನ್ನ ನನ್ನವ್ವಾ, ಎರಡ ಜೀವದಾಕಿ."

ಅಲ್ಲಿಂದ ಹಕ್ಕರಕಿ, ರಾಜಗಿರಿ, ಮೊಳಕೆ ಬಂದ ಮಡಕಿಕಾಳು, ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ, ಮೇಲೊಂದು ಹೋಳು ಲಿಂಬೆ. ಗೋಡೆಯಾಚೆಯಿಂದ ಕಾವಲು ಬೇರೆ. "ದವಾಖಾನಿ ಗುಳಿಗಿ ತಪ್ಪಸಬ್ಯಾಡ. ಚಾದ ಸಂಗಾಟ ನುಂಗಬ್ಯಾಡ." ಚಹಾದ ವಾಸನೆ ಬಂದರೆ ಸಾಕು, "ಮತ್ತ ಚಾ ಇಟ್ಟೀ?" ಎಂಬ ಗದರಿಕೆ. ಕಳ್ಳಿಯ ಹಾಗೆ ಹಿತ್ತಲಲ್ಲಿ ನಿಂತು ಚಹಾ ಕುಡಿದಿದ್ದೇನೆ, ಸುಳ್ಳೇಕೆ ಹೇಳಲಿ!

ಒಂಬತ್ತನೇ ತಿಂಗಳಿಗೆ ರಕ್ತ ಹತ್ತೂವರೆ ದಾಟಿತು. ಬೆಳಗಾವಿ ತಪ್ಪಿತು; ನಮ್ಮೂರಲ್ಲೇ ಮಗಳು ಹುಟ್ಟಿದಳು.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ನೆನೆದಾಗಲೆಲ್ಲ ಕಣ್ಣಿಗೆ ಕಟ್ಟುವುದು ಹೆರಿಗೆಯ ದಿನದ ಆ ಆಸ್ಪತ್ರೆಯ ಬಾಗಿಲು. ನನಗೆ ತಾಯಿಯಿಲ್ಲ, ಮದುವೆಯಾದ ಮೇಲೆ ಅಣ್ಣಂದಿರು ಇತ್ತ ತಿರುಗಿಯೂ ನೋಡಿರಲಿಲ್ಲ. ಕೂಸನ್ನು ಮಗ್ಗುಲಿಗೆ ಹಾಕುತ್ತ ನರ್ಸಮ್ಮ ಕೇಳಿದಳು: "ತವರಮನಿಯವರು ಯಾರೂ ಬಂದಿಲ್ಲೇನವಾ?"

"ಬಂದಾರಲ್ರಿ. ಬಾಗಲದಾಗ ನಿಂತಾರ ನೋಡ್ರಿ" ಎಂದೆ.

ಊಟದ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಕಾಕಾ ಗಡಬಡಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರು ಬಂದರೆಂದು ಹಿಂದೆ ತಿರುಗಿ ನೋಡಿದರು.