ವೀರಗಲ್ಲಿನ ಮುಂದ ವಿಮಾನದ ಸಾಹೇಬ

ಜರ್ಮನಿಯವರ ಕೂಡ ಯುದ್ಧ ನಡದಿತ್ತು. ಪಲ್ಟಣಕ್ಕ ಮಂದಿ ಕೂಡಿಸಾಕಂತ ನಮ್ಮ ಹುನಗುಂದ ಕಡೆ ಒಬ್ಬ ವಿಮಾನದ ಸಾಹೇಬ ಬಂದ. ಎದಿ ತುಂಬ ಪದಕ, ಬಾಯಿ ತುಂಬ ತನ್ನದ ಪರಾಕ್ರಮ. ಅವನ ಇಂಗ್ಲಿಷನ್ನ ಕನ್ನಡಕ್ಕ ತರೂ ಕೆಲಸ ಕಚೇರಿ ಕಾರಕೂನನಾದ ನನ್ನ ಕೊರಳಿಗೆ ಬಿತ್ತು.

ಐಹೊಳಿಯೊಳಗ ಊರಿಗೆ ಊರ ಕೂಡಿತ್ತು. ಮುಗಿಲಾಗ ತಾ ಹೆಂಗ ವೈರಿ ವಿಮಾನ ಕೆಡವಿದೆ ಅಂತ ಸಾಹೇಬ ಕೈ ಬೀಸಿ ಬೀಸಿ ಹೇಳಿದ. ನಾಕೈದು ಹುಡುಗರು ಹೆಸರು ಕೊಡಾಕ ಎದ್ದೂ ನಿಂತ್ರು. ಸಾಹೇಬಗ ಅಷ್ಟು ಸಾಲಲಿಲ್ಲ. ಗುಡಿ ಮುಂದಿನ ವೀರಗಲ್ಲಿಗೆ ಬೆರಳು ಮಾಡಿದ. ಅದರಾಗ ಕೆಳಗ ಕತ್ತಿ ಹಿಡದ ಬಂಟ. ಮ್ಯಾಲ ಅದ ಬಂಟನ್ನ ಅಪ್ಸರೆಯರು ಮುಗಿಲಿಗೆ ಒಯ್ತಿದ್ರು.

“ನೋಡ್ರಿ, ನಿಮ್ಮ ಹಿರಿಯರೂ ನನ್ಹಂಗ ಹಾರಿದವರು! ಪಲ್ಟಣ ಸೇರಿದ್ರ ನಿಮಗೂ ಇದ ಮರ್ಯಾದಿ ಸಿಗತೈತಿ!”

ಅದು ಹೋರಾಡಿ ಸತ್ತವರಿಗೆ ನಿಲ್ಲಿಸೂ ಕಲ್ಲು ಅಂತ ಅವಗೇನು ಗೊತ್ತು? ನಾ ಒಂದಕ್ಷರ ಬಿಡದ ಕನ್ನಡಕ್ಕ ತಂದೆ. ಒಬ್ಬ ಮುದುಕಿ ಎದ್ದು ನಿಂತಿದ್ದ ಮಗನ ರಟ್ಟಿ ಹಿಡದ್ಲು. “ಪುಣ್ಯಾತ್ಮ ಖರೇನ ಹೇಳ್ಯಾನ. ನಡಿ ಮನಿಗೆ,” ಅಂದ್ಲು. ಅಕಿ ಹಿಂದ ಊರೂ ಎದ್ದು ಹೋತು.

“ಏನಂದ್ಲು ಆ ಮುದುಕಿ?” ಅಂತ ಸಾಹೇಬ ಕೇಳಿದ.

“ನಿಮ್ಮ ಮಾತು ಖರೆ ಅಂದ್ಲರಿ.”

ಸಾಹೇಬ ಹಿಗ್ಗಿದ. ಮುಂದಿನ ಊರಾಗೂ ಇಂಥಾ ಕಲ್ಲು ಹುಡುಕಿ, ಅದರ ಪಕ್ಕದಾಗ ತನ್ನ ಕುರ್ಚಿ ಹಾಕಸು ಅಂದ. ನನ್ನ ಇಡೀ ನೌಕರಿಯೊಳಗ ಮನಸಿಟ್ಟು ಪಾಲಿಸಿದ ಹುಕುಂ ಅದೊಂದ.