ಅಕ್ಕಡಿ ಹಾಕಿದ ಎಲೆಗಳ ಕಟ್ಟು

ಮಾನ್ಯ ಓದುಗರಲ್ಲಿ ಸವಿನಯ ನಿವೇದನೆ.

ಈ ಬರಹವನ್ನು ಕೈಯಿಂದಲೇ ಬರೆದಿದ್ದು, ಅಕ್ಷರಗಳು ಗೆರೆ ಬಿಟ್ಟು ಇಳಿದಿರುವುದೂ, ಹಲವೆಡೆ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿರುವುದೂ ನನ್ನ ಗಮನದಲ್ಲಿದೆ. ಅದಕ್ಕಾಗಿ ಆರಂಭದಲ್ಲಿಯೇ ಕ್ಷಮೆ ಕೋರುತ್ತೇನೆ. ತಿಕೋಟಾದ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಕೆಲಸ ಮಾಡುವ ನನಗೆ ಬರವಣಿಗೆಯೆಂದರೆ ಪತ್ರವ್ಯವಹಾರವೊಂದೇ ತಿಳಿದಿರುತ್ತದೆ. ನೆನಪುಗಳನ್ನು ಬರೆಯಲು ಬೇರೆ ಪದ್ಧತಿ ಇದ್ದೀತು. ಅದು ನನಗೆ ಇನ್ನೂ ಕೈಗೂಡಿಲ್ಲ.

ವಿಷಯವೇನೆಂದರೆ, ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಬೀಜದ ಅಂಗಡಿಯ ಹಿಂದಿನ ಕೋಣೆಯಲ್ಲಿರುವ ನಾಲ್ಕನೆಯ ಕುರ್ಚಿ, ಹಾಗೂ ಅದರಲ್ಲಿ ಕೂಡಲು ಅರ್ಹಳಾಗಬೇಕೆಂದು ನಾನು ಕಟ್ಟಿದ ಆಟದ ಎಲೆಗಳ, ಅಂದರೆ ಕಾರ್ಡುಗಳ, ಕಟ್ಟು.

ನಾನು ದಿನಾಲೂ ವಿಜಯಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂದು ದಿನ ಮೊಬೈಲಿನಲ್ಲಿ ಬಣ್ಣದ ಎಲೆಗಳ ಒಂದು ಆಟದ ವಿಡಿಯೋ ನೋಡುತ್ತ ಕುಳಿತಿದ್ದಾಗ ಆ ಬಸ್ಸಿನ ಕಂಡಕ್ಟರ್ ಅಣ್ಣ ಟಿಕೆಟ್ ಕೊಡುವುದನ್ನು ಬಿಟ್ಟು ಬಗ್ಗಿ ನೋಡಿದರು. ತಾವೂ ಅದನ್ನು ಆಡುವುದಾಗಿಯೂ, ರವಿವಾರ ಮಧ್ಯಾಹ್ನ ಬೀಜದ ಅಂಗಡಿಯ ಕಾಕಾ, ಸರಕಾರಿ ಆಸ್ಪತ್ರೆಯ ಒಬ್ಬ ಸಿಸ್ಟರ್ ಮತ್ತು ತಾವು ಸೇರುವುದಾಗಿಯೂ, ನಾಲ್ಕನೆಯವರಿಗೆ ಕಲಬುರಗಿಗೆ ವರ್ಗವಾಗಿ ಕುರ್ಚಿ ಖಾಲಿ ಇರುವುದಾಗಿಯೂ ತಿಳಿಸಿದರು. ಕಚೇರಿಯಲ್ಲಿ ನನ್ನೊಡನೆ ಎಲ್ಲರೂ ಮಾತನಾಡುತ್ತಾರೆ, ಆದರೆ ಟಪಾಲಿನ ವಿಷಯ ಮಾತ್ರ. ಡಬ್ಬಿಯಲ್ಲಿ ತಂದ ಬುತ್ತಿಯನ್ನು ನಾನು ಕಿಟಕಿಯ ಕಡೆ ಮುಖ ಮಾಡಿ ತಿನ್ನುತ್ತಿದ್ದೆ. ಆದುದರಿಂದ ಆ ಕುರ್ಚಿ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂಬುದನ್ನು ಯಾರಿಗೂ ಹೇಳಿರಲಿಲ್ಲ.

ಅವ್ವನಿಗೆ ಹೇಳಿದ್ದು ಅರ್ಧ ಮಾತ್ರ. ಎಲೆ ಎಂದ ಕೂಡಲೇ ಅವಳು ಇಸ್ಪೀಟ್ ಎಂದುಕೊಂಡು, ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. ಇದರಲ್ಲಿ ಹಣ ಕಟ್ಟುವುದಿಲ್ಲ, ರಾಜ ರಾಣಿಯರೂ ಇಲ್ಲ ಎಂದು ಮನವರಿಕೆ ಮಾಡಿಕೊಡಲು ನಾನು ಕೊಂಡು ತಂದಿದ್ದ ಎಲೆಗಳನ್ನೇ ತೋರಿಸಬೇಕಾಯಿತು. ಹಕ್ಕಿ, ಹಾವು, ದೆವ್ವ, ಬೆಟ್ಟ ನೋಡಿ ಅವಳು, ಇಷ್ಟು ಚಂದದ್ದನ್ನು ಯಾರೂ ಜೂಜಿಗೆ ಹಚ್ಚಲಾರರೆಂದು ಒಪ್ಪಿದಳು.

ಆಟದ ನಿಯಮವನ್ನು ಸಂಕ್ಷಿಪ್ತವಾಗಿ ತಿಳಿಸುವುದು ಉಚಿತ. ಪ್ರತಿಯೊಬ್ಬರೂ ನೂರು ಎಲೆಗಳ ಸ್ವಂತ ಕಟ್ಟನ್ನು ಕಟ್ಟಿಕೊಂಡು ಬರಬೇಕು. ಅದರಲ್ಲಿ ಒಂದು ಎಲೆ ನಾಯಕ, ಅದನ್ನು ಕಲಸದೆ ಪಕ್ಕದಲ್ಲಿ ಇಟ್ಟಿರತಕ್ಕದ್ದು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳಲ್ಲಿ ನಾಯಕನ ಮೇಲೆ ಯಾವ ಬಣ್ಣಗಳಿವೆಯೋ ಅವು ಮಾತ್ರ ಕಟ್ಟಿನಲ್ಲಿ ಇರತಕ್ಕದ್ದು. ಒಂದು ಬಣ್ಣದ ಎಲೆಯನ್ನು ಆಡಬೇಕಾದರೆ ಅದೇ ಬಣ್ಣದ ಭೂಮಿಯ ಎಲೆ ಮೊದಲು ನಮ್ಮ ಮುಂದೆ ಬಿದ್ದಿರಬೇಕು. ಈ ಭೂಮಿಯ ಎಲೆಗಳನ್ನು ಕಂಡಕ್ಟರ್ ಅಣ್ಣ ಹೊಲ ಎನ್ನುತ್ತಾರೆ. ಈಗ ನಾವೆಲ್ಲರೂ ಹಾಗೆಯೇ ಅನ್ನುತ್ತೇವೆ. ಕಟ್ಟನ್ನು ಕಲಸಿದಾಗ ಹೊಲ ಬರುವುದೂ ಬಾರದಿರುವುದೂ ಯಾರ ಕೈಯಲ್ಲಿಯೂ ಇಲ್ಲ. ಅಂಕ ಮುಗಿದವರು ಹೊರಬೀಳುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ.

ಕಾಕಾ ಬಬಲೇಶ್ವರದ ಕಡೆಯವರು. ದ್ರಾಕ್ಷಿ ತೋಟವೂ ಇದೆ, ಅಂಗಡಿಯೂ ಇದೆ. ಅವರು ಹಾಕಿದ ಷರತ್ತು ಒಂದೇ: ದೀಪಾವಳಿಯೊಳಗೆ ನನ್ನ ಕಟ್ಟನ್ನು ನಾನೇ ಕಟ್ಟಿ ತಂದು ಅವರೊಡನೆ ಆಡಬೇಕು, ಆಮೇಲೆ ಕುರ್ಚಿಯ ಮಾತು. ಕಂಡಕ್ಟರ್ ಅಣ್ಣನ ಡಿಪೋದ ಗೆಳೆಯನೊಬ್ಬನೂ ಅದೇ ಕುರ್ಚಿಯನ್ನು ಕೇಳಿದ್ದನೆಂಬುದು ನನಗೆ ತಿಳಿದಿತ್ತು.

ನಾನು ಐದೂ ಬಣ್ಣದ ರೆಕ್ಕೆಗಳಿದ್ದ ಒಂದು ಹಕ್ಕಿಯನ್ನು ನಾಯಕನನ್ನಾಗಿ ಆರಿಸಿಕೊಂಡೆ. ಯಾವ ಬಣ್ಣವನ್ನೂ ಹೊರಗಿಡಲು ನನಗೆ ಮನಸ್ಸಾಗಲಿಲ್ಲ. ಪರಿಣಾಮವಾಗಿ, ಮನೆಯಲ್ಲಿ ಒಬ್ಬಳೇ ಕೂತು ಪರೀಕ್ಷಿಸಿದಾಗಲೆಲ್ಲ ಕೈಯಲ್ಲಿ ಕೆಂಪು ಎಲೆಗಳು, ನೆಲದ ಮೇಲೆ ಬಿಳಿ ಹೊಲಗಳು. ಇಲ್ಲವೆ ಹೊಲಗಳೇ ಸಾಲಾಗಿ ಬಂದು ಆಡಲು ಏನೂ ಇರುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ಅವ್ವ ತನ್ನ ತವರು ಬಿಜ್ಜರಗಿಗೆ ಫೋನು ಹಚ್ಚಿ, ಈ ಸಲ ಸಜ್ಜೆಯ ನಡುವೆ ಅಕ್ಕಡಿ ಏನು ಹಾಕೀರಿ ಎಂದು ಮಾಮಾನನ್ನು ಕೇಳುತ್ತಿದ್ದಳು. ಅಕ್ಕಡಿಯೆಂದರೆ ನಮ್ಮ ಕಡೆ ಮುಖ್ಯ ಬೆಳೆಯ ಕೆಲವು ಸಾಲುಗಳಿಗೊಮ್ಮೆ ತೊಗರಿಯದೋ ಹೆಸರಿನದೋ ಒಂದು ಸಾಲು ಬಿತ್ತುವುದು. ನನಗೆ ದಾರಿ ಸಿಕ್ಕಿತೆಂದು ಅನ್ನಿಸಿತು. ಚಾಪೆಯ ಮೇಲೆ ಎಲೆಗಳನ್ನೆಲ್ಲ ಹರಡಿ, ಎರಡು ಆಟದ ಎಲೆ, ಒಂದು ಹೊಲ, ಮತ್ತೆ ಎರಡು ಎಲೆ, ಒಂದು ಹೊಲ, ಹೊಲಗಳಲ್ಲಿಯೂ ಐದು ಬಣ್ಣ ಒಂದರ ಹಿಂದೊಂದು ಬರುವಂತೆ ಅಕ್ಕಡಿ ಹಾಕಿದೆ. ಸಾಲು ತಪ್ಪದಂತೆ ಜೋಡಿಸಿ ಡಬ್ಬಿಯಲ್ಲಿಟ್ಟೆ. ಅವ್ವ ನೋಡಿ, ಬಿತ್ತುವ ಕೂರಿಗೆ ಹಿಡಿದವರಿಗೂ ಇಷ್ಟು ನೆಟ್ಟಗೆ ಬರುವುದಿಲ್ಲ ಎಂದಳು. ಇದು ಶ್ರದ್ಧೆಯ ಕೆಲಸವೆಂದೇ ನಾನು ಭಾವಿಸಿದ್ದೆನೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮರುದಿನ ಅಂಗಡಿಯ ಶಟರ್ ಅರ್ಧ ಇಳಿಸಿ ಎಲ್ಲರೂ ಕುಳಿತರು. ಹಿಂದಿನ ಕೋಣೆಯಲ್ಲಿ ಬೀಜದ ಚೀಲಗಳ ವಾಸನೆ. ನಾನು ಕಟ್ಟನ್ನು ಕಲಸಿದೆ, ಆದರೆ ಸಾಲು ಕೆಡದಂತೆ, ಮೈ ಸವರಿದಷ್ಟು ಮಾತ್ರ. ಆಟ ಸುಂದರವಾಗಿ ಸಾಗಿತು. ಬೇಕಾದಾಗ ಬೇಕಾದ ಹೊಲ ಬಂತು. ಹಕ್ಕಿ ಬೇಗನೆ ಆಟಕ್ಕಿಳಿದು ರೆಕ್ಕೆ ಬಿಚ್ಚಿತು. ಸಿಸ್ಟರ್ ಮೆಚ್ಚಿಕೊಂಡರು.

"ತಂಗಿ ಹೊಲಕ್ಕ ಮಳಿ ಕರದಾಗೊಮ್ಮೆ ಬರಾಕತ್ತದ ನೋಡ್ರಿ," ಎಂದರು ಕಂಡಕ್ಟರ್ ಅಣ್ಣ. "ನಮ್ಮ ಕಡೆ ಮೋಡಾನೂ ಇಲ್ಲ."

ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು. ಎರಡು ಎಲೆ, ಒಂದು ಹೊಲ. ಎರಡು ಎಲೆ, ಒಂದು ಹೊಲ. ಬಿತ್ತನೆ ಬೀಜ ಮಾರುವವರ ಕಣ್ಣಿಗೆ ಅದು ಕಾಣದಿರಲು ಸಾಧ್ಯವಿರಲಿಲ್ಲ.

"ಏನ್ ಬೇ ತಂಗಿ, ಇದರಾಗ ಅಕ್ಕಡಿ ಹಾಕಿಯೇನು?"

ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ.

"ಹೌದ್ರಿ ಕಾಕಾ. ನಿನ್ನೆ ಸಂಜೀಕ ಚಾಪಿ ಮ್ಯಾಲ ಎಲ್ಲಾ ಹಾಕೇನ್ರಿ. ಒಂದೂ ಸಾಲ ತಪ್ಪಿಲ್ಲ."

ಯಾರೂ ನಗಲಿಲ್ಲ. ಸಿಸ್ಟರ್ ತಮ್ಮ ಎಲೆಗಳನ್ನು ಮಡಚಿ ಕೆಳಗಿಟ್ಟು, ಯಾವ ಎಲೆ ಯಾವಾಗ ಬರುವುದೆಂದು ಯಾರಿಗೂ ಗೊತ್ತಾಗಬಾರದೆಂಬುದಕ್ಕಾಗಿಯೇ ಕಲಸುವುದೆಂದೂ, ಹೀಗೆ ಜೋಡಿಸಿ ತಂದು ಆಡಿದರೆ ಬೇರೆ ಕಡೆ ಅದನ್ನು ಮೋಸವೆನ್ನುತ್ತಾರೆಂದೂ ಬಹಳ ಮೆತ್ತಗೆ ತಿಳಿಸಿದರು. ಸೂಜಿ ಚುಚ್ಚುವ ಮುನ್ನ ಮಾತನಾಡುವ ಧ್ವನಿ ಅದು. ಕುರ್ಚಿ ಡಿಪೋದ ಗೆಳೆಯನ ಪಾಲಾಯಿತೆಂದು ನಿಶ್ಚಯಿಸಿ, ಎಲೆಗಳನ್ನು ಡಬ್ಬಿಗೆ ತುಂಬಿ, ಚಪ್ಪಲಿ ಹುಡುಕತೊಡಗಿದೆ.

"ಕೂಡು," ಎಂದರು ಕಾಕಾ. "ಹೊಲದಾಗ ಅಕ್ಕಡಿ ಹಾಕಾಕ ಬರತದ. ಮಳೀಗೆ ಅಕ್ಕಡಿ ಹಾಕಾಕ ಬರತದೇನು?"

ಆಗ ಕಂಡಕ್ಟರ್ ಅಣ್ಣ ನಕ್ಕರು. ತಡೆಯಲಾಗದೆ ಸಿಸ್ಟರ್ ಕೂಡ. ಕಾಕಾ ಡಬ್ಬಿಯನ್ನು ನನ್ನ ಮುಂದೆ ತಳ್ಳಿ, ಬಿತ್ತುವ ಮೊದಲು ಬೀಜಕ್ಕೆ ಔಷಧ ಕಲಸುವುದನ್ನು ನೋಡಿಲ್ಲವೇ, ಹಾಗೆ ಕಲಸು ಎಂದರು. ನಾನು ಹಕ್ಕಿಯೊಂದನ್ನು ಬಿಟ್ಟು ಉಳಿದ ಎಲೆಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹರಡಿ ಎರಡೂ ಅಂಗೈಯಿಂದ ಕಲಸಿದೆ. ಒಂದು ಸಂಜೆಯ ಸಾಲುಗಳೆಲ್ಲ ಹೋದವು. ಹೊಸದಾಗಿ ಆಟ ಆರಂಭವಾಯಿತು. ನನಗೆ ಬಿಳಿ ಹೊಲಗಳು ಬಂದವು, ಕೈಯಲ್ಲಿ ಕೆಂಪೂ ಕಪ್ಪೂ. ಹಕ್ಕಿ ಕೊನೆಯವರೆಗೂ ಕೂತಲ್ಲಿಯೇ ಕೂತಿತ್ತು. ನಾನೂ ಕೂತಿದ್ದೆ.

ಆಟ ಮುಗಿದ ಮೇಲೆ ಕಾಕಾ ಶಟರ್ ಎತ್ತಿ, ಎದುರಿನ ಚಹಾದಂಗಡಿಗೆ ಎಂದಿನಂತೆ, "ಮೂರು ಚಾ, ಒಂದು ಖಾಲಿ ಕಪ್ಪು," ಎಂದು ಕೂಗಿದರು. ನಾಲ್ಕನೆಯವರು ವರ್ಗವಾಗಿ ಹೋದಂದಿನಿಂದ ಬಂದುಹೋಗುವವರಿಗೆ ಆ ಖಾಲಿ ಕಪ್ಪಿನಲ್ಲಿಯೇ ಎಲ್ಲರೂ ಒಂದಿಷ್ಟು ಸುರಿಯುವುದು ಅಲ್ಲಿಯ ರೂಢಿ. ನಾನು ಅದನ್ನು ಕುಡಿದು ಹೊರಟಾಗ ಕಾಕಾ, "ಈ ಐದರಾಗ ನಿನ್ನ ಮುಖ್ಯ ಬೆಳಿ ಯಾವುದು, ಅದನ್ನ ನೋಡ್ಕೊಂಡು ಬಾ," ಎಂದರು.

ಆ ವಾರವಿಡೀ ನಾನು ಕಟ್ಟನ್ನು ಬಿಚ್ಚಿ ಕಟ್ಟಿದೆ. ಅಕ್ಕಡಿಯನ್ನು ಹಾಕಬೇಕಾದದ್ದು ಎಲೆಗಳನ್ನು ಜೋಡಿಸುವಾಗಲ್ಲ, ಆರಿಸುವಾಗ. ಹಸಿರನ್ನು ಮುಖ್ಯ ಬೆಳೆ ಮಾಡಿದೆ. ಹಸಿರು ಎಲೆಗಳಲ್ಲಿ ಬೇರೆ ಬಣ್ಣದ ಹೊಲವನ್ನು ಹುಡುಕಿ ತರುವವು ಬಹಳ ಇರುತ್ತವೆ. ಬಿಳಿ ಮತ್ತು ನೀಲಿ ಅಕ್ಕಡಿ ಸಾಲುಗಳು. ಕಪ್ಪನ್ನೂ ಕೆಂಪನ್ನೂ ತೆಗೆದಿಡುವಾಗ, ಮನೆಗೆ ಬಂದವರನ್ನು ಊಟಕ್ಕೆ ಎಬ್ಬಿಸದೆ ಕಳಿಸಿದಂತೆ ಸಂಕಟವಾಯಿತು. ಅವ್ವ, ಕಿತ್ತದ್ದೇನು ಕೊಳೆಯುತ್ತದೆಯೇ, ಇನ್ನೊಂದು ಕಟ್ಟು ಕಟ್ಟು ಎಂದಳು. ಹಕ್ಕಿಯನ್ನು ದೇವರ ಜಗಲಿಯ ಪಕ್ಕದ ಗೂಡಿನಲ್ಲಿಟ್ಟೆ. ಈ ಮೂರೇ ಬಣ್ಣದ ನಾಯಕನೊಬ್ಬ ಸಿಸ್ಟರ್ ಬಳಿ ಹೆಚ್ಚಿಗೆ ಇದ್ದ. ಆಸ್ಪತ್ರೆಯ ಗೇಟಿಗೆ ಹೋಗಿ, ಒಂದು ಕೆಂಪು ಎಲೆ ಕೊಟ್ಟು ಇಸಿದುಕೊಂಡು ಬಂದೆ.

ಮುಂದಿನ ರವಿವಾರ ಎಲ್ಲರೆದುರು ಕಟ್ಟನ್ನು ಹರಡಿ ಕಲಸಿದೆ. ಕಂಡಕ್ಟರ್ ಅಣ್ಣ, ಇನ್ನು ಸಾಕು, ಮೊಳಕೆ ಬಂದಾವು ಎಂದರು. ಮೊದಲು ಹೊಲ ಬರಲು ತಡವಾಯಿತು. ಕಾದೆ. ಆಮೇಲೆ ಹಸಿರು ಬಂತು, ಹಸಿರಿನ ಹಿಂದೆ ನೀಲಿ ಬಂತು. ಒಂದು ಹಂತದಲ್ಲಿ ಕಾಕಾನನ್ನು ಸೋಲಿನ ಅಂಚಿನವರೆಗೆ ತಂದೆ. ಆದರೆ ಗೆದ್ದವರು ಸಿಸ್ಟರ್. ನಾನು ಮೂರನೆಯವಳಾಗಿ ಹೊರಬಿದ್ದೆ.

ಕಾಕಾ ಎದ್ದು ಶಟರ್ ಎತ್ತಿದರು. ನಾನು ಎಲೆಗಳನ್ನು ಡಬ್ಬಿಗೆ ಹಾಕುತ್ತ, ಕೇಳಿಸಿಕೊಳ್ಳದವಳಂತೆ ಕುಳಿತಿದ್ದೆ.

"ನಾಕು ಚಾ," ಎಂದು ಕೂಗಿದರು.

ಡಿಪೋದ ಗೆಳೆಯನಿಗೆ ತಾವೇ ಹೇಳುವುದಾಗಿ ಕಂಡಕ್ಟರ್ ಅಣ್ಣ ನನ್ನ ಕಡೆ ನೋಡದೆ ನುಡಿದರು. ಚಹಾ ಬಂತು. ನನ್ನ ಕಪ್ಪು ಅಂಚಿನವರೆಗೆ ತುಂಬಿತ್ತು. ಎತ್ತುವಾಗ ತುಳುಕಿ ನಾಯಕನ ಮೇಲೆ ಒಂದು ಹನಿ ಬಿತ್ತು. ಪ್ಲಾಸ್ಟಿಕ್ ಕವರ್ ಇದ್ದುದರಿಂದ ಒರೆಸಿದರೆ ಹೋಯಿತು.

ಮೇಲಿನ ಸಂಗತಿಗಳನ್ನು ನೆನಪಿದ್ದಷ್ಟು ಕ್ರಮವಾಗಿ ಬರೆದಿರುತ್ತೇನೆ. ಇದರಲ್ಲಿ ಕಾಗುಣಿತವಾಗಲಿ ಆಟದ ನಿಯಮವಾಗಲಿ ತಪ್ಪಿದ್ದು ಕಂಡಲ್ಲಿ, ದಯಮಾಡಿ ಆ ಸಾಲಿನ ಪಕ್ಕದಲ್ಲಿಯೇ ತಿದ್ದಿ ತೋರಿಸಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಸಿಸ್ಟರ್ ತಿಳಿಸಿದಷ್ಟು ಮೆತ್ತಗೆ ತಿಳಿಸಿದರೆ ಉಪಕಾರವಾಗುತ್ತದೆ.