ಮಂಜುಗಡ್ಡೆಯ ಗುಹೆಯಲ್ಲಿ ಆಡಿದ ಮಾತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಅಷ್ಟೇ ಸಲ ಎದ್ದು ಹೋಗಿದ್ದೇನೆ. ಕಣ್ಣು ಸರಿಯಿಲ್ಲ, ಚಳಿ ಜಾಸ್ತಿ, ಮೊಮ್ಮಗಳ ಹುಟ್ಟುಹಬ್ಬ... ನೆಪಗಳಿಗೇನೂ ಬರವಿರಲಿಲ್ಲ. ಕಳೆದ ವಾರ ಪಕ್ಕದ ಮನೆಯವರು ತುಕ್ಕು ಹಿಡಿದ ಗೇಟು ತೆಗೆಸಲು ಒಬ್ಬನನ್ನು ಕರೆಸಿದ್ದರು. ಅವನು ಗ್ಯಾಸ್ ಕಟರ್ ಹೊತ್ತಿಸುವ ಮೊದಲು ಒಂದು ಕ್ಷಣ ಗಾಳಿಯಲ್ಲಿ ಆ ವಾಸನೆ ತೇಲಿ ಬಂತು, ಹಳಸಿದ ಬೆಳ್ಳುಳ್ಳಿಯಂಥದ್ದು. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವನಿಗೆ ಅದು ಅನ್ನ ಕೊಟ್ಟ ವಾಸನೆ. ಆದರೆ ಅಂದು ನನಗೆ ನೆನಪಾದದ್ದು ಫ್ಯಾಕ್ಟರಿಯಲ್ಲ. ಆಲ್ಪ್ಸ್ ಪರ್ವತದ ಒಂದು ಮಂಜುಗಡ್ಡೆಯ ಗುಹೆ, ಅದರೊಳಗೆ ಬರಿಗಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು. ಹಿತ್ತಲಲ್ಲಿ ಕುಳಿತಿದ್ದವನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಸಿಡ್ನಿ ಮತ್ತು ಮೆಲ್ಬರ್ನ್‌ನ ಕನ್ನಡದವರೆಲ್ಲ ಸೇರಿ ಯುರೋಪ್ ಟೂರ್ ಹೊರಟಿದ್ದೆವು. ಅಡುಗೆಯವನನ್ನೂ ಅಕ್ಕಿಯನ್ನೂ ಜೊತೆಗೇ ಒಯ್ಯುವಂಥ ಟೂರ್. ನನ್ನ ಹೆಂಡತಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಡ ಎಂದು ಮಗಳೇ ಬುಕ್ ಮಾಡಿದ್ದಳು. ಬಸ್ಸಿನ ತುಂಬ ಜೋಡಿಗಳು. ಒಂಟಿಯಾಗಿದ್ದವರು ಇಬ್ಬರೇ, ನಾನು ಮತ್ತು ಆ ಹೆಂಗಸು. ಹಾಗಾಗಿ ಪಕ್ಕಪಕ್ಕದ ಸೀಟು ಸಿಕ್ಕಿತು.

ಎಲ್ಲರೂ ಅವರನ್ನು ಮೆಲ್ಬರ್ನ್ ಅಕ್ಕ ಎನ್ನುತ್ತಿದ್ದರು. ಎಪ್ಪತ್ತು ದಾಟಿದ್ದ ಉಡುಪಿ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನ ಒಂದು ಬಿಸ್ಕತ್ತಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ಮಗನನ್ನು ಓದಿಸಿದ್ದರು. ಅಲ್ಲೇ ಸ್ಟೇಷನ್ನಿಗೆ ಹತ್ತಿರ ಒಂದು ಸಣ್ಣ ಯೂನಿಟ್, ಅಂದರೆ ಫ್ಲ್ಯಾಟು, ಕೊಂಡು ಒಬ್ಬರೇ ಇದ್ದರು. ಮಗನಿಗೆ ನಾರ್ತ್ ಸಿಡ್ನಿಯಲ್ಲಿ ಕಂಪ್ಯೂಟರ್ ಕೆಲಸ. ಅವನೂ ಸೊಸೆಯೂ ನಮ್ಮಿಂದ ಎರಡು ಸಾಲು ಮುಂದೆ ಕುಳಿತಿದ್ದರು. ತಾಯಿ ಯೂನಿಟ್ ಮಾರಿ ಸಿಡ್ನಿಗೆ ಬಂದುಬಿಡಬೇಕು ಎಂಬುದು ಅವನ ಹಟ.

"ಈ ಟೂರ್ ನನಗೆ ಪರೀಕ್ಷೆ ಮಾರಾಯ್ರೆ," ಎಂದರು ಮೊದಲ ದಿನವೇ. "ಹದಿನೈದು ದಿನ ನೋಡ್ತಾನಂತೆ. ಎಲ್ಲಿಯೂ ದಾರಿ ತಪ್ಪದೆ, ಬೀಳದೆ, ಮರೆಯದೆ ವಾಪಸ್ ಬಂದ್ರೆ ಡ್ಯಾಂಡಿನಾಂಗ್‌ನಲ್ಲೇ ಇರ್ಲಿಕ್ಕೆ ಬಿಡ್ತಾನಂತೆ. ಇಲ್ಲದಿದ್ರೆ ಅವನ ಮನೆಯ ಮೂಲೆ ರೂಮ್."

"ಪಾಸಾಗ್ತೀರಿ ಬಿಡಿ ಅಕ್ಕ."

"ಆಗದೆ ಎಂತ? ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ಎಲ್ಲಿಟ್ಟೆ ಅಂತ ಮರೆತವ ಅವ. ಹುಡುಕಿ ಕೊಟ್ಟವಳು ನಾನು!"

ಅವರ ಜೊತೆ ಪ್ರಯಾಣ ಬೇಗ ಸಾಗುತ್ತಿತ್ತು. ಕಿಟಕಿಯಾಚೆ ಕಂಡ ಹಸುಗಳಿಗೆಲ್ಲ ಏನಾದರೊಂದು ಹೆಸರಿಡುತ್ತಿದ್ದರು. ಚಕ್ಕುಲಿ ಮುರಿದು ದೊಡ್ಡ ತುಂಡನ್ನು ನನಗೇ ಕೊಡುತ್ತಿದ್ದರು. ಆದರೆ ಅವರ ದನಿ ಫ್ಯಾಕ್ಟರಿಯ ಮಿಷನ್ನುಗಳ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ದನಿ.

ಎರಡನೆಯ ದಿನ ಬಸ್ಸಿನಲ್ಲಿ ಎಲ್ಲರೂ ಮೈಕ್ ಹಿಡಿದು ಪರಿಚಯ ಹೇಳಿಕೊಂಡರು. ಸುತ್ತಲೂ ಬೆಂಗಳೂರು, ಮೈಸೂರಿನ ಐಟಿಯವರು. ಹೈಸ್ಕೂಲಿಗೇ ಓದು ಮುಗಿಸಿದ್ದ ನಾನು "ರಿಟೈರ್ಡ್ ಇಂಜಿನಿಯರ್" ಎಂದುಬಿಟ್ಟೆ. ಸೀಟಿಗೆ ಬಂದು ಕುಳಿತದ್ದೇ ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಕಿಡಿ ಸಿಡಿದು ಆದ ಕಪ್ಪು ಚುಕ್ಕೆಗಳು ಮಣಿಕಟ್ಟಿನವರೆಗೂ ಇದ್ದವು.

"ಇದು ಇಂಜಿನಿಯರ್ ಕೈ ಅಲ್ಲ ಮಾರಾಯ್ರೆ, ವೆಲ್ಡರ್ ಕೈ! ನಮ್ಮ ಫ್ಯಾಕ್ಟರಿಯಲ್ಲಿ ನಾನು ಎಷ್ಟು ನೋಡಿಲ್ಲ. ಅದ್ರಲ್ಲಿ ನಾಚ್ಕೆ ಎಂತದ್ದು?"

ಬಸ್ಸು ನಕ್ಕಿತು. ನಾನೂ ನಕ್ಕೆ. ಕೈಗಳನ್ನು ಜೇಬಿಗೆ ಸೇರಿಸಿದೆ.

ಆಸ್ಟ್ರಿಯಾದ ಆ ಗುಹೆಗೆ ಹೋದದ್ದು ಏಳನೆಯ ದಿನವೋ ಎಂಟನೆಯದೋ. ಕೇಬಲ್ ಕಾರಿನಲ್ಲಿ ಏರಿ, ಬೆಟ್ಟದ ಅಂಚಿನ ದಾರಿಯಲ್ಲಿ ನಡೆದು ಅದರ ಬಾಯಿ ಸೇರಬೇಕು. ಹೊರಗೆ ಬೇಸಿಗೆ, ಒಳಗೆ ವರ್ಷವಿಡೀ ಕರಗದ ಮಂಜುಗಡ್ಡೆ. ವಿದ್ಯುತ್ ದೀಪಗಳಿಲ್ಲ. ಗೈಡ್ ಐದಾರು ಜನಕ್ಕೊಂದರಂತೆ ಕಾರ್ಬೈಡ್ ದೀಪ ಹಂಚಿದ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಗ್ಯಾಸಿನಿಂದ ಉರಿಯುವ ದೀಪ; ವೆಲ್ಡಿಂಗಿನದೇ ಗ್ಯಾಸು, ಅದೇ ಬೆಳ್ಳುಳ್ಳಿ ವಾಸನೆ. ನಮ್ಮ ಗುಂಪಿನದು ಹೊತ್ತಲೇ ಇಲ್ಲ. ನಾನು ಇಸಿದುಕೊಂಡೆ. ಅಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟರು. ಅದರಿಂದ ದೀಪದ ಮೂತಿಯ ತೂತು ಬಿಡಿಸಿ, ನೀರಿನ ತಿರುಪು ಸರಿಮಾಡಿದೆ. ಭಗ್ಗೆಂದು ಹೊತ್ತಿಕೊಂಡಿತು. ಗೈಡ್ ನನ್ನ ಬೆನ್ನು ತಟ್ಟಿದ.

"ಕಂಡ್ರಾ? ಇಂಜಿನಿಯರುಗಳು ಇಪ್ಪತ್ತು ಮಂದಿ ಇದ್ರೂ ದೀಪ ಹಚ್ಚಲಿಕ್ಕೆ ವೆಲ್ಡರೇ ಬೇಕಾಯ್ತು!" ಎಂದರು ಅವರು.

ಅದು ಹೊಗಳಿಕೆ. ಇವತ್ತು ಅದು ಸ್ಪಷ್ಟವಾಗಿ ತಿಳಿಯುತ್ತದೆ. ಅವರ ಮುಖದಲ್ಲಿದ್ದ ಹೆಮ್ಮೆ ಕೂಡ ಕಣ್ಣಿಗೆ ಕಟ್ಟಿದಂತಿದೆ. ಅಂದು ನನಗೆ ಕೇಳಿಸಿದ್ದು ಜನರ ನಗು ಮಾತ್ರ.

ಒಳಗೆ ಮರದ ಮೆಟ್ಟಿಲುಗಳು, ನೂರಾರು. ದೀಪ ಹಿಡಿದು ನಾನು, ನನ್ನ ಹಿಂದೆ ನಾಲ್ಕು ಜನ, ಕೊನೆಗೆ ಅವರು. ಗೈಡ್‌ನ ಜರ್ಮನ್ ಎಳೆತದ ಇಂಗ್ಲಿಷ್ ಅವರಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಿಂತಲ್ಲೆಲ್ಲ ನನ್ನ ಬಳಿ ಬಂದು "ಎಂತ ಹೇಳಿದ?" ಎನ್ನುವರು, ನಾನು ಕನ್ನಡದಲ್ಲಿ ಹೇಳುವೆ. ಅಲ್ಲಿಯವರೆಗೆ ಇದ್ದದ್ದನ್ನು ಇದ್ದಹಾಗೆಯೇ ಹೇಳಿದ್ದೆ.

ಒಂದು ದೊಡ್ಡ ಹಜಾರದಂಥ ಜಾಗದಲ್ಲಿ ಗೈಡ್ ಒಂದು ಮಂಜಿನ ಕಂಬದ ಹಿಂದೆ ಹೋಗಿ ಮೆಗ್ನೀಸಿಯಂ ಪಟ್ಟಿ ಉರಿಸಿದ. ಆಳೆತ್ತರದ ದುಂಡನೆಯ ಕಂಬ, ಒಳಗಿನಿಂದ ನೀಲಿಯಾಗಿ ಬೆಳಗಿತು. ಅವರು ಕೈಗವಸು ಕಳಚಿ ಕೈ ಮುಗಿದರು. "ಸಾಕ್ಷಾತ್ ಈಶ್ವರ..." ಎಂದರು. ಆಮೇಲೆ ಎಂದಿನಂತೆ, "ಎಂತ ಹೇಳಿದ ಅವ?"

ಗೈಡ್ ಹೇಳಿದ್ದು ಇಷ್ಟೇ: ಹಲಗೆಯ ದಾರಿ ಬಿಡಬೇಡಿ, ಮಂಜನ್ನು ಮುಟ್ಟಬೇಡಿ, ಹಿಂದೆ ಉಳಿಯಬೇಡಿ.

ನಾನು ಹೇಳಿದೆ: "ಇಂಡಿಯಾದವರು ಬಂದ್ರೆ ಇಲ್ಲಿ ಶೂ ಬಿಟ್ಟು ಒಂದು ಸುತ್ತು ಬರ್ತಾರಂತೆ ಅಕ್ಕ. ಬೇಕಾದವರು ಬರಬಹುದಂತೆ, ಅವನ ಅಡ್ಡಿ ಇಲ್ಲ."

"ಹೌದಾ? ಪಾಪ, ಒಳ್ಳೆಯವ."

ಅವರು ಶೂ ಬಿಚ್ಚುವುದನ್ನು ಯಾರಾದರೂ ನೋಡಬೇಕು, ಬಸ್ಸು ಒಂದು ಸಲ ಅವರನ್ನು ನೋಡಿ ನಗಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಗುಂಪು ಹೊರಟಿತು, ನಾನು ದೀಪ ಹಿಡಿದು ಮುಂದೆ ನಡೆದೆ. ತಿರುವು ದಾಟಿದಾಗ ಹಿಂದೆ ಕತ್ತಲಾಯಿತು ಎಂದು ನನಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ.

ಮೆಟ್ಟಿಲಿನ ತುದಿಯಲ್ಲಿ ಗೈಡ್ ತಲೆ ಎಣಿಸಿದ. ಒಬ್ಬರು ಕಡಿಮೆ. ಎಲ್ಲರೂ ಹಿಂದಕ್ಕೆ ಓಡಿದೆವು. ಹಲಗೆಯ ಮೇಲೆ ಶೂಗಳು ಜೋಡಿಯಾಗಿ ಕುಳಿತಿದ್ದವು, ಒಳಗೆ ಮಡಿಸಿಟ್ಟ ಕಾಲುಚೀಲ. ಅವರು ದಾರಿಯ ಬದಿಗೆ ಕಟ್ಟಿದ್ದ ಹಗ್ಗದಾಚೆ, ಆ ಕಗ್ಗತ್ತಲಲ್ಲಿ, ಒಂದು ಕೈಯಿಂದ ಕಂಬವನ್ನು ಸವರುತ್ತ ಪ್ರದಕ್ಷಿಣೆ ಬರುತ್ತಿದ್ದರು. ಪಾದಗಳು ಬೆಳ್ಳಗಾಗಿದ್ದವು. ಗೈಡ್ ಕೂಗಾಡಿದ. ಯಾರೂ ನಗಲಿಲ್ಲ.

"ಅಮ್ಮಾ! ಎಲ್ಲಿದ್ದೀಯ ಅಂತಾದ್ರೂ ಗೊತ್ತಾ ನಿಂಗೆ?" ಮಗ ಹಗ್ಗ ದಾಟಿ ಹೋಗಿ ಅವರ ತೋಳು ಹಿಡಿದ.

"ಗೈಡೇ ಹೇಳಿದ್ದಲ್ವಾ ಮಗಾ, ಶೂ ಬಿಟ್ಟು ಸುತ್ತು ಬರಬಹುದು ಅಂತ..."

ಮಗ ಗೈಡ್‌ನನ್ನು ಕೇಳಿದ. ಗೈಡ್ ಇಲ್ಲವೆಂದು ತಲೆಯಾಡಿಸಿದ. ಮಗ ನನ್ನ ಕಡೆ ತಿರುಗಿದ. "ಅಂಕಲ್, ನೀವು ಪಕ್ಕದಲ್ಲೇ ಇದ್ರಲ್ಲ. ಗೈಡ್ ಹಾಗೇನಾದ್ರೂ ಹೇಳಿದ್ನಾ?"

"ಇಲ್ಲಪ್ಪ. ನಂಗೇನೂ ಕೇಳಿಸ್ಲಿಲ್ಲ."

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಹೇಳುತ್ತೀರಿ ಅಲ್ವಾ, ಎಂದು ಕಾಯುವವರ ಹಾಗೆ... ನಾನು ದೀಪದ ತಿರುಪು ತಿರುಗಿಸುತ್ತ ನಿಂತೆ. ಅವರು ಬಂದು ಹಲಗೆಯ ಮೇಲೆ ಕುಳಿತರು. ಮಗ ಮೊಣಕಾಲೂರಿ ತಾಯಿಗೆ ಕಾಲುಚೀಲ ತೊಡಿಸಿದ. ಅಂದಿನಿಂದ ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಉಳಿದ ದಿನವೆಲ್ಲ ನನ್ನ ಬದಿಯ ಸೀಟು ಖಾಲಿ.

ವಾಪಸಾದ ಕೆಲವೇ ತಿಂಗಳಲ್ಲಿ ಡ್ಯಾಂಡಿನಾಂಗ್‌ನ ಯೂನಿಟ್ ಮಾರಾಟವಾಯಿತು ಎಂದು ಕೇಳಿದೆ. ಒಂದು ಫೋನು ಮಾಡಿದ್ದರೆ ಸಾಕಿತ್ತು. ಮಗನ ನಂಬರು ನನ್ನ ಬಳಿ ಇತ್ತು.

ಎರಡು ವರ್ಷದ ಮೇಲೆ ಬ್ಲ್ಯಾಕ್‌ಟೌನ್‌ನ ಒಂದು ಹಾಲ್‌ನಲ್ಲಿ ಗಣೇಶನ ಹಬ್ಬದ ಊಟ. ಅವರು ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತಿದ್ದರು. ಕೊರಳಲ್ಲಿ ಮಗನ ಫೋನ್ ನಂಬರ್ ಬರೆದ ಕಾರ್ಡು. ನಾನು ತಪ್ಪಿಸಿಕೊಳ್ಳುವ ಮೊದಲೇ ಕೈ ಬೀಸಿ ಕರೆದರು. ದನಿ ಇಳಿದುಹೋಗಿತ್ತು, ಬಗ್ಗಿ ಕೇಳಬೇಕಾಯಿತು.

"ಒಲೆ ಹಚ್ಚಲಿಕ್ಕೆ ಬಿಡುವುದಿಲ್ಲ. ಟ್ರೇನು ಹತ್ತಲಿಕ್ಕೆ ಬಿಡುವುದಿಲ್ಲ. ಮಗ ಒಳ್ಳೆಯವನೇ, ಹೆದರ್ತಾನೆ ಅಷ್ಟೆ." ಆಮೇಲೆ ಕೇಳಿದರು, "ಮಾರಾಯ್ರೆ, ಒಂದು ಸತ್ಯ ಹೇಳಿ. ಅವತ್ತು ಗುಹೆಯಲ್ಲಿ ಶೂ ಬಿಡಬಹುದು ಅಂತ ನೀವು ಹೇಳಿದ್ರಾ? ಅಥವಾ ನನಗೇ ಹಾಗೆ ಅನ್ನಿಸಿದ್ದಾ? ಈಗೀಗ ನನಗೇ ಗೊತ್ತಾಗುದಿಲ್ಲ."

ಆಪಾದನೆ ಹೊರಿಸಲು ಕೇಳಿದ್ದಲ್ಲ. ತಮ್ಮ ತಲೆಯನ್ನು ತಾವು ನಂಬಬಹುದೇ ಎಂದು ತಿಳಿಯಲು ಕೇಳಿದ್ದು. ಹತ್ತಿರದಲ್ಲೇ ನನ್ನ ಮಗಳಿದ್ದಳು, ಪರಿಚಯದವರಿದ್ದರು.

"ಬಿಡಿ ಅಕ್ಕ, ಹಳೇ ಸಂಗತಿ. ಪಾಯಸ ತರ್ತೇನೆ, ಕೂತಿರಿ," ಎಂದೆ.

ಪಾಯಸದ ಸಾಲಿನಲ್ಲಿ ನಿಂತೆ. ಎರಡು ಲೋಟ ತುಂಬಿಸಿಕೊಂಡೆ. ಅವನ್ನು ಮೇಜಿನ ಮೇಲೆ ಇಟ್ಟು, ಇನ್ನೊಂದು ಬಾಗಿಲಿನಿಂದ ಕಾರ್ ಪಾರ್ಕಿಗೆ ಹೋಗಿ ಕುಳಿತೆ. ಅವರು ಎಷ್ಟು ಹೊತ್ತು ಕಾದರೋ...

ಮರುವರ್ಷ ಅವರು ತೀರಿಕೊಂಡರು. ಮಾತನಾಡಿಸಿ ಬರಲು ಮಗನ ಮನೆಗೆ ಹೋಗಿದ್ದೆ. "ಅಮ್ಮನ ಮರೆವು ಐಸ್ ಕೇವ್‌ನಿಂದಲೇ ಶುರು ಆಗಿದ್ದು ಅಂಕಲ್," ಎಂದ. "ಅವತ್ತೇ ಗೊತ್ತಾಗಿದ್ದು ಒಳ್ಳೇದಾಯ್ತು." ನಾನು ಅವನು ಕೊಟ್ಟ ಕಾಫಿ ಕುಡಿದು ಬಂದೆ.

ಈಗ ನನಗೂ ಎಪ್ಪತ್ತೆಂಟು. ಮಗಳ ಮನೆಯಲ್ಲಿದ್ದೇನೆ. ಅವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಮಾತಿಲ್ಲ. ಮಾತ್ರೆ ತಗೊಂಡೆ ಎಂದರೆ ಮಗಳು ಡಬ್ಬಿ ತೆಗೆದು ಎಣಿಸುತ್ತಾಳೆ. ಸ್ಟವ್ ಆರಿಸಿದ್ದೇನೆ ಎಂದರೆ ಹೋಗಿ ನೋಡಿ ಬರುತ್ತಾಳೆ. ಪ್ರೀತಿಯಿಂದಲೇ. ಆಗ ನಾನೂ ಒಂದು ಕ್ಷಣ ಯೋಚಿಸುತ್ತೇನೆ, ನಿಜವಾಗಿ ಆರಿಸಿದೆನೇ ಎಂದು. ಹಾಗೆ ದಿನಕ್ಕೆ ಹತ್ತು ಸಲ ತನ್ನನ್ನೇ ಶಂಕಿಸಿಕೊಂಡು ಬದುಕುವುದು ಹೇಗಿರುತ್ತದೆ ಎಂದು ಈಗ ತಿಳಿಯುತ್ತಿದೆ.

ಇದನ್ನು ಅವರ ಮಗನಿಗೂ ಕಳಿಸುತ್ತೇನೆ. ಅವನು ಏನೆಂದುಕೊಂಡರೂ ಸರಿ. ಅಕ್ಕ, ನಿಮಗೆ ಕೊಡಬೇಕಾಗಿದ್ದ ಉತ್ತರ ನಿಮಗೆ ಮುಟ್ಟುವುದಿಲ್ಲ, ಅದು ಗೊತ್ತು. ಆದರೂ ಬರೆಯುತ್ತೇನೆ. ನಿಮಗೆ ಹಾಗೆ ಅನ್ನಿಸಿದ್ದಲ್ಲ. ನಿಮ್ಮ ತಲೆ ಸರಿಯಾಗಿಯೇ ಇತ್ತು. ನಾನೇ ಹೇಳಿದ್ದು, ವಾರಿಜಕ್ಕ.